ಹಗೇವು, ಎಣ್ಣೆ ಮತ್ತು ಕೊಬ್ಬಿನ ಕೋಶದ ಜೀನುಗಳು

(ರಾಯಚೂರಿನಲ್ಲಿ ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಹಗೇವು ನೋಡಿದವರು ಎಷ್ಟು ಜನ ಇದ್ದೀರಿ? ಒಮ್ಮೆ ಕೈ ಎತ್ತಿ. ಹಿರಿಯರ ಕೈ ಮೇಲೆ ಬಂದವು. ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ಸರಿ, ಅಲ್ಲಿಂದಲೇ ಶುರು ಮಾಡೋಣ.

ಲಿಂಗಸುಗೂರು ತಾಲೂಕಿನ ನಮ್ಮ ಅಜ್ಜಿಯ ಊರಲ್ಲಿ ಮನೆ ಮುಂದೆಯೇ ಒಂದು ಹಗೇವು ಇತ್ತು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು. ಸುತ್ತ ಹುಲ್ಲು, ಹೊಟ್ಟು ಹಾಸಿ, ಜೋಳ ತುಂಬಿ, ಮೇಲೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಸುಗ್ಗಿಯಲ್ಲಿ ತುಂಬಿದ ಜೋಳ ಬರಗಾಲದಲ್ಲಿ ಹೊರಗೆ ಬರುತ್ತಿತ್ತು. ಬಾಯಿ ತೆರೆದ ಮೇಲೆ ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಬಹಳ ಹೊತ್ತು ಬಿಡುತ್ತಿದ್ದರು. ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ತುಂಬುವುದಕ್ಕೂ ತೆಗೆಯುವುದಕ್ಕೂ ಒಂದು ಲೆಕ್ಕ ಇತ್ತು.

ನಿಮ್ಮ ಮೈಯಲ್ಲಿ ಇಂಥ ಹಗೇವುಗಳು ಸಾವಿರಾರು ಕೋಟಿ ಇವೆ. ಅವೇ ಕೊಬ್ಬಿನ ಕೋಶಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ತುಂಬ ಒಂದೇ ಒಂದು ದೊಡ್ಡ ಎಣ್ಣೆಯ ಹನಿ ಕಾಣುತ್ತದೆ. ಜೀನುಗಳಿರುವ ಕೋಶಕೇಂದ್ರವನ್ನು ಆ ಹನಿ ಮೂಲೆಗೆ ಒತ್ತಿರುತ್ತದೆ. ಬಹಳ ವರ್ಷ ವಿಜ್ಞಾನಿಗಳು ಇದನ್ನು ಸುಮ್ನೆ ಬಿದ್ದಿರುವ ದಾಸ್ತಾನು ಅಂತಲೇ ತಿಳಿದಿದ್ದರು. 1994ರಲ್ಲಿ ಆ ನಂಬಿಕೆ ಮುರಿಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಪತ್ತೆ ಮಾಡಿತು. ಕೊಬ್ಬಿನ ಕೋಶವೇ ಲೆಪ್ಟಿನ್ ತಯಾರಿಸಿ, ರಕ್ತದಲ್ಲಿ ಬಿಟ್ಟು, 'ಇಲ್ಲಿ ದಾಸ್ತಾನು ಸಾಕಷ್ಟಿದೆ' ಅಂತ ಮೆದುಳಿಗೆ ಹೇಳಿ ಕಳಿಸುತ್ತದೆ. ಅಂದರೆ ಹಗೇವಿಗೆ ಬಾಯಿ ಇದೆ. ಕಿವಿಯೂ ಇದೆ. ಇವತ್ತು ನಾನು ಹೇಳಬೇಕಾಗಿರುವುದು ಆ ಕಿವಿಯ ವಿಷಯ. ನಾವು ತಿನ್ನುವ ಎಣ್ಣೆ ಆ ಕಿವಿಯಲ್ಲಿ ಏನು ಹೇಳುತ್ತದೆ? ಅದನ್ನು ಕೇಳಿ ಕೋಶ ಯಾವ ಜೀನನ್ನು ಎಬ್ಬಿಸುತ್ತದೆ, ಯಾವುದನ್ನು ಮಲಗಿಸುತ್ತದೆ?

ಅದಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆ ದಾಟಬೇಕು. ಕೊಬ್ಬಿನ ಕೋಶ ನಮ್ಮ ವೈರಿ ಅಂತ ಎಲ್ಲರೂ ಅಂದುಕೊಂಡಿದ್ದೇವೆ, ಅಲ್ವಾ? ಹಗೇವು ಇಲ್ಲದ ಮನೆ ನೆನಪಿಸಿಕೊಳ್ಳಿ. ಸುಗ್ಗಿಯ ಜೋಳ ಎಲ್ಲಿ ಇಡುತ್ತೀರಿ? ಪಡಸಾಲೆಯಲ್ಲಿ, ಅಡುಗೆ ಮನೆಯಲ್ಲಿ, ಅಂಗಳದಲ್ಲಿ. ಮಳೆ ಬಂದರೆ ಮುಗ್ಗು, ಇಲ್ಲದಿದ್ದರೆ ಇಲಿ. ದೇಹದಲ್ಲೂ ಹಾಗೆಯೇ. ಕೊಬ್ಬಿನ ಕೋಶ ಸರಿಯಾಗಿ ಬೆಳೆಯದ ಒಂದು ಅಪರೂಪದ ಕಾಯಿಲೆ ಇದೆ. ಲಿಪೊಡಿಸ್ಟ್ರೊಫಿ ಅನ್ನುತ್ತಾರೆ. ಅಂಥವರ ಮೈಯಲ್ಲಿ ಕೊಬ್ಬು ಕಾಣುವುದಿಲ್ಲ. ಆದರೆ ಅವರಿಗೆ ಸಕ್ಕರೆ ಕಾಯಿಲೆ ಬಲು ಜೋರಾಗಿ ಬರುತ್ತದೆ, ಲಿವರ್ ಎಲ್ಲ ಕೊಬ್ಬು ತುಂಬಿಕೊಳ್ಳುತ್ತದೆ. ಚರ್ಮದ ಕೆಳಗೆ ಜಾಗ ಸಿಗದ ಕೊಬ್ಬು ಲಿವರಿಗೆ, ಮಾಂಸಖಂಡಕ್ಕೆ ನುಗ್ಗುತ್ತದೆ. ಕೆಡುವುದು ಅಲ್ಲಿ.

ನಮ್ಮವರ ಕಥೆ ಇದಕ್ಕೆ ಹತ್ತಿರದ್ದು. ಪುಣೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರೂ ತೆಳ್ಳಗೆ. ಎತ್ತರ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಆದರೆ ಮೈಯೊಳಗಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರದು ನೂರಕ್ಕೆ 9.1, ಯಾಜ್ಞಿಕ್ ಅವರದು ನೂರಕ್ಕೆ 21.2. ಎರಡು ಪಟ್ಟಿಗೂ ಜಾಸ್ತಿ! ತೆಳ್ಳಗೆ ಕಾಣುವ ನಮ್ಮ ಜನರಿಗೆ ಸಕ್ಕರೆ ಕಾಯಿಲೆ ಯಾಕೆ ಇಷ್ಟು ಬರುತ್ತದೆ ಅನ್ನುವುದಕ್ಕೆ ಈ ಚಿತ್ರ ಒಂದು ದೊಡ್ಡ ಸುಳಿವು. ಹಾಗಾಗಿ ಕೊಬ್ಬು ಎಷ್ಟಿದೆ ಅಂತ ಕೇಳಿದರೆ ಸಾಲದು. ಎಲ್ಲಿದೆ, ಅದನ್ನು ಇಟ್ಟುಕೊಂಡ ಕೋಶ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತಲೂ ಕೇಳಬೇಕು.

ಈಗ ಎಣ್ಣೆಗೆ ಬರೋಣ. ಎಣ್ಣೆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಪುಫಾ ಅಂತ ಬರೆದಿರುತ್ತಾರೆ. ಪುಸ್ತಕದ ಕನ್ನಡದಲ್ಲಿ ಬಹು ಅಪರ್ಯಾಪ್ತ ಕೊಬ್ಬಿನಾಮ್ಲ. ಹೆಸರಿಗೆ ಹೆದರಬೇಡಿ. ಹೊಲದಲ್ಲಿ ಜೋಳದ ಕಣಿಕೆ ಕಟ್ಟಿದ್ದೀರಲ್ಲ, ನೇರ ನೇರ, ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತದೆ. ಅದು ಪರ್ಯಾಪ್ತ ಕೊಬ್ಬು. ತುಪ್ಪ, ಪಾಮ್ ಎಣ್ಣೆಯಲ್ಲಿ ಜಾಸ್ತಿ. ಹತ್ತಿ ಕಟ್ಟಿಗೆ ಹಾಗೆ ಕಟ್ಟಲು ಬರುತ್ತದೆಯೇ? ಅಲ್ಲಲ್ಲಿ ಬಾಗಿರುತ್ತದೆ, ಎಷ್ಟು ಒತ್ತಿದರೂ ಸಂದು ಉಳಿಯುತ್ತದೆ. ಅದು ಪುಫಾ. ಸರಪಳಿಯಲ್ಲಿ ಎರಡು ಅಥವಾ ಹೆಚ್ಚು ಕಡೆ ಜೋಡಿ ಬಂಧ ಇರುತ್ತದೆ, ಅಲ್ಲೆಲ್ಲ ಬಾಗುತ್ತದೆ. ಚಳಿಗಾಲದಲ್ಲೂ ಕುಸುಬೆ ಎಣ್ಣೆ ಗಟ್ಟಿಯಾಗದೆ ಇರುವುದು ಇದರಿಂದಲೇ.

ಇದರಲ್ಲಿ ಎರಡು ಮನೆತನ. ಒಂದು ಒಮೆಗಾ 6. ಇದರ ಹಿರಿಯ ಲಿನೋಲಿಕ್ ಆಮ್ಲ, ಎರಡು ಬಾಗು. ಕುಸುಬೆ, ಸೂರ್ಯಕಾಂತಿ, ಗುರೆಳ್ಳು, ಹತ್ತಿಕಾಳಿನ ಎಣ್ಣೆಯಲ್ಲಿ ತುಂಬಿದೆ. ಇನ್ನೊಂದು ಒಮೆಗಾ 3. ಇದರ ಹಿರಿಯ ಆಲ್ಫಾ ಲಿನೋಲೆನಿಕ್ ಆಮ್ಲ, ಮೂರು ಬಾಗು. ನಮ್ಮ ಅಗಸಿಯಲ್ಲಿದೆ. ಸಮುದ್ರದ ಮೀನಿನಲ್ಲಿ ಇದೇ ಮನೆತನದ ಇನ್ನೂ ಉದ್ದದವರು ಸಿಗುತ್ತಾರೆ. ಇಪಿಎ ಐದು ಬಾಗಿನದು, ಡಿಎಚ್‌ಎ ಆರು ಬಾಗಿನದು. ಎರಡೂ ಮನೆತನದ ಹಿರಿಯರನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು. ಊಟದಲ್ಲೇ ಬರಬೇಕು. ಇದನ್ನು ತೋರಿಸಿದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್, ಗಂಡ ಹೆಂಡತಿ. 1929ರಲ್ಲಿ ಇಲಿಗಳಿಗೆ ಕೊಬ್ಬೇ ಇಲ್ಲದ ಊಟ ಹಾಕಿದರು. ಇಲಿಗಳ ಬೆಳವಣಿಗೆ ನಿಂತಿತು, ಚರ್ಮ ಮತ್ತು ಬಾಲ ಹೊಟ್ಟು ಹೊಟ್ಟಾಗಿ ಎದ್ದವು. ಸ್ವಲ್ಪ ಲಿನೋಲಿಕ್ ಆಮ್ಲ ಕೊಟ್ಟರೆ ಸುಧಾರಿಸಿದವು. ಆ ಕಾಲಕ್ಕೆ ಕೊಬ್ಬು ಅಂದರೆ ಉರುವಲು ಮಾತ್ರ ಅಂತ ನಂಬಿದ್ದ ಬಹಳ ಜನ ಈ ಮಾತನ್ನು ಒಪ್ಪಲು ತಡ ಮಾಡಿದರು.

ಜೀನಿನ ಮಾತಿಗೆ ಬರುತ್ತೇನೆ. ನಿಮ್ಮ ಕಣ್ಣಿನ ಕೋಶ, ಲಿವರಿನ ಕೋಶ, ಕೊಬ್ಬಿನ ಕೋಶ, ಎಲ್ಲದರಲ್ಲೂ ಇರುವ ಡಿಎನ್‌ಎ ಒಂದೇ. ಅದರಲ್ಲಿ ಪ್ರೋಟೀನು ಮಾಡಲು ಹೇಳುವ ಜೀನುಗಳು ಸುಮಾರು 20,000. ಆದರೆ ಎಲ್ಲ ಕಡೆ ಎಲ್ಲವೂ ತೆರೆದಿರುವುದಿಲ್ಲ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ನೋಡಿ. ಮೇನ್ ಕೆನಾಲಿನಲ್ಲಿ ಒಂದೇ ನೀರು. ಯಾವ ತೂಬು ತೆಗೆದಿದ್ದಾರೆ ಅನ್ನುವುದರ ಮೇಲೆ ಯಾರ ಹೊಲದಲ್ಲಿ ಭತ್ತ, ಯಾರ ಹೊಲ ಒಣ ಅನ್ನುವುದು ನಿಂತಿದೆ. ಸಿಂಧನೂರು, ಮಾನ್ವಿ ಕಡೆಯ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಕೊಬ್ಬಿನ ಕೋಶದಲ್ಲಿ ತೂಬು ತೆಗೆಯುವವನ ಹೆಸರು ಪಿಪಾರ್ ಗ್ಯಾಮಾ. ಇದೊಂದು ಪ್ರೋಟೀನು. ಡಿಎನ್‌ಎ ಮೇಲೆ ತನ್ನ ಜಾಗದಲ್ಲಿ ಕೂತಿರುತ್ತದೆ. ಒಬ್ಬಂಟಿಯಾಗಿ ಅಲ್ಲ, ಆರ್‌ಎಕ್ಸ್‌ಆರ್ ಎಂಬ ಜೊತೆಗಾರನನ್ನು ಕೂರಿಸಿಕೊಂಡು. ಆದೇಶ ಬರುವವರೆಗೆ ಇನ್ನೊಂದಿಷ್ಟು ಪ್ರೋಟೀನುಗಳು ಅದರ ಕೈ ಹಿಡಿದು, ತೂಬು ಮುಚ್ಚಿಯೇ ಇಟ್ಟಿರುತ್ತವೆ. ಆದೇಶ ಅಂದರೆ ಏನು? ಅದೇ ಕೊಬ್ಬಿನಾಮ್ಲ. ಪಿಪಾರ್ ಗ್ಯಾಮಾದ ಮೈಯಲ್ಲಿ ಒಂದು ದೊಡ್ಡ ಜೇಬು ಇದೆ. ಪುಫಾ ಬಂದು ಆ ಜೇಬಿನಲ್ಲಿ ಕೂತರೆ ಪ್ರೋಟೀನಿನ ಆಕಾರ ಸ್ವಲ್ಪ ತಿರುಗುತ್ತದೆ. ಕೈ ಹಿಡಿದವರು ಬಿಟ್ಟು ಹೋಗುತ್ತಾರೆ, ಕೆಲಸ ಮಾಡಿಸುವವರು ಬಂದು ಸೇರುತ್ತಾರೆ. ಆ ಜಾಗದಲ್ಲಿ ಸುತ್ತಿಕೊಂಡಿದ್ದ ಡಿಎನ್‌ಎ ಸಡಿಲವಾಗುತ್ತದೆ, ಜೀನು ಓದಲು ಸಿಗುತ್ತದೆ.

ಅಜ್ಜಿಯ ಮನೆಯ ಅಗಸಿ ಹಿಂಡಿಯಿಂದ, ಅಂದರೆ ಅಗಸಿ ಚಟ್ನಿಪುಡಿಯಿಂದ, ಆ ಜೇಬಿನವರೆಗೆ ದಾರಿ ಹೇಗೆ? ನೀವು ರೊಟ್ಟಿ ಜೊತೆ ಹಿಂಡಿ ತಿಂದಿರಿ. ಕರುಳಿನಲ್ಲಿ ಕರಗಿದ ಕೊಬ್ಬು ಸಣ್ಣ ಸಣ್ಣ ಹನಿಯಾಗಿ ರಕ್ತ ಸೇರಿತು. ಕೊಬ್ಬಿನ ಕೋಶದ ಹತ್ತಿರದ ರಕ್ತನಾಳದ ಗೋಡೆಯಲ್ಲಿ ಒಂದು ಕಿಣ್ವ ಆ ಹನಿಯನ್ನು ಕತ್ತರಿಸಿ ಕೊಬ್ಬಿನಾಮ್ಲ ಬಿಡಿಸುತ್ತದೆ. ಅದು ಕೋಶದೊಳಗೆ ಬಂದಾಗ ಎಫ್‌ಎಬಿಪಿ 4 ಎಂಬ ಹಮಾಲಿ ಹೊತ್ತು ಕೋಶಕೇಂದ್ರಕ್ಕೆ ತಲುಪಿಸುತ್ತಾನೆ. ಬಹುಪಾಲು ಕೊಬ್ಬಿನಾಮ್ಲ ದಾಸ್ತಾನಿಗೇ ಹೋಗುತ್ತದೆ, ಒಂದು ಸ್ವಲ್ಪ ಮಾತ್ರ ಹೀಗೆ ಸುದ್ದಿಯಾಗುತ್ತದೆ. ನನಗೆ ಬಹಳ ಹಿಡಿಸುವ ಮಾತು ಇಲ್ಲಿದೆ. ಪಿಪಾರ್ ಗ್ಯಾಮಾ ತೆರೆಯುವ ಜೀನುಗಳಲ್ಲಿ ಆ ಕತ್ತರಿಸುವ ಕಿಣ್ವದ ಜೀನೂ ಇದೆ, ಆ ಹಮಾಲಿಯ ಜೀನೂ ಇದೆ. ಸುದ್ದಿ ತಂದವರನ್ನೇ ಇನ್ನಷ್ಟು ಕರೆಸುತ್ತದೆ! ಜೊತೆಗೆ ಅಡಿಪೊನೆಕ್ಟಿನ್ ಎಂಬ ಒಳ್ಳೆಯ ಹಾರ್ಮೋನಿನ ಜೀನೂ ತೆರೆಯುತ್ತದೆ. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಮಾತನ್ನು ದೇಹ ಚೆನ್ನಾಗಿ ಕೇಳುವಂತೆ ಅದು ಮಾಡುತ್ತದೆ.

ಇದೆಲ್ಲ ಗೊತ್ತಾದದ್ದು ಹೇಗೆ ಅಂತ ಕೇಳಬೇಕು. 1970ರ ದಶಕದಲ್ಲಿ ಹೋವರ್ಡ್ ಗ್ರೀನ್ ಎಂಬ ವಿಜ್ಞಾನಿ ಇಲಿ ಭ್ರೂಣದ ಕೋಶಗಳಿಂದ ಒಂದು ತಳಿ ಬೆಳೆಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಯುವ ಆ ಕೋಶಗಳು ಕೆಲವು ದಿನದಲ್ಲಿ ಎಣ್ಣೆ ತುಂಬಿಕೊಂಡು ಕೊಬ್ಬಿನ ಕೋಶಗಳೇ ಆಗಿಬಿಡುತ್ತವೆ. ಇವತ್ತಿಗೂ ಪ್ರಪಂಚದ ಎಷ್ಟೋ ಪ್ರಯೋಗಾಲಯಗಳಲ್ಲಿ 3ಟಿ3-ಎಲ್1 ಅಂತ ಇದೇ ತಳಿ ಓಡುತ್ತಿದೆ. ನಾನು ಮೊದಲ ಸಲ ಅದನ್ನು ನೋಡಿದ ದಿನ ಮರೆಯುವುದಿಲ್ಲ. ಸೋಮವಾರ ಚಪ್ಪಟೆ, ಉದ್ದುದ್ದ ಇದ್ದ ಕೋಶಗಳು ಮುಂದಿನ ವಾರ ದುಂಡಗಾಗಿ, ಒಳಗೆ ಮುತ್ತಿನ ಹಾಗೆ ಹನಿ ಹನಿ ಹೊಳೆಯುತ್ತಿದ್ದವು. ಲೆಪ್ಟಿನ್ ಸಿಕ್ಕ 1994ರಲ್ಲೇ ಬಾಸ್ಟನ್ನಿನ ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ ಇನ್ನೊಂದು ಕೆಲಸ ಮಾಡಿತು. ಕೊಬ್ಬಿಗೆ ಸಂಬಂಧವೇ ಇಲ್ಲದ ಕೋಶಕ್ಕೆ ಪಿಪಾರ್ ಗ್ಯಾಮಾದ ಜೀನು ಸೇರಿಸಿದರು. ಆ ಕೋಶ ಕೊಬ್ಬಿನ ಕೋಶವಾಯಿತು. ಇಡೀ ಹಗೇವು ಕಟ್ಟುವ ಮೇಸ್ತ್ರಿ ಇವನೇ ಅಂತ ಆಗ ಖಾತ್ರಿಯಾಯಿತು.

ಇಲ್ಲಿ ಕೂತವರಲ್ಲಿ ಕೆಲವರಾದರೂ ಪಯೋಗ್ಲಿಟಜೋನ್ ಮಾತ್ರೆ ತೆಗೆದುಕೊಳ್ಳುತ್ತಿರಬಹುದು, ಸಕ್ಕರೆಗೆ. ಆ ಮಾತ್ರೆ ಹೋಗಿ ಕೂರುವುದು ಇದೇ ಜೇಬಿನಲ್ಲಿ. ಆ ಗುಂಪಿನ ಮಾತ್ರೆಗಳು ಹೀಗೆ ಕೆಲಸ ಮಾಡುತ್ತವೆ ಅಂತ 1995ರಲ್ಲಿ ತಿಳಿಯಿತು. ಈ ಮಾತ್ರೆ ತಿಂದವರ ತೂಕ ಸ್ವಲ್ಪ ಏರುತ್ತದೆ, ಆದರೂ ಸಕ್ಕರೆ ಇಳಿಯುತ್ತದೆ. ವಿಚಿತ್ರ ಅನಿಸುತ್ತದೆ, ಅಲ್ವಾ? ಹಗೇವಿನ ಲೆಕ್ಕ ಹಾಕಿ. ಚರ್ಮದ ಕೆಳಗೆ ಹೊಸ ಸಣ್ಣ ಹಗೇವುಗಳು ತಯಾರಾಗುತ್ತವೆ. ಲಿವರಿನಲ್ಲಿ ಬಿದ್ದಿದ್ದ ಕೊಬ್ಬು ಅಲ್ಲಿಗೆ ಸರಿಯುತ್ತದೆ. ಲಿವರ್ ಹಗುರಾಗಿ ಇನ್ಸುಲಿನ್ ಮಾತು ಕೇಳುತ್ತದೆ. ಈ ಮಾತ್ರೆಗೆ ತನ್ನದೇ ತೊಂದರೆಗಳಿವೆ, ಮೈಯಲ್ಲಿ ನೀರು ನಿಲ್ಲುವುದು ಅದರಲ್ಲೊಂದು. 2013ರಲ್ಲಿ ನಮ್ಮ ಸರ್ಕಾರ ಜೂನಿನಲ್ಲಿ ಇದನ್ನು ತಡೆದು, ಜುಲೈನಲ್ಲಿ ಎಚ್ಚರಿಕೆಯ ಮಾತು ಸೇರಿಸಿ ಮತ್ತೆ ಬಿಟ್ಟಿತು. ದಯವಿಟ್ಟು ನನ್ನ ಮಾತು ಕೇಳಿ ಯಾರೂ ಮಾತ್ರೆ ಬಿಡಬೇಡಿ, ಹೊಸದಾಗಿ ತೆಗೆದುಕೊಳ್ಳಲೂ ಬೇಡಿ. ಅದು ನಿಮ್ಮ ಡಾಕ್ಟರ ಕೆಲಸ. ನಾನು ಹೇಳುವುದಿಷ್ಟು. ಮಾತ್ರೆ ಆ ಬಾಗಿಲನ್ನು ಜೋರಾಗಿ ಬಡಿಯುತ್ತದೆ. ಎಣ್ಣೆಯ ಪುಫಾ ಅದೇ ಬಾಗಿಲನ್ನು ಮೆತ್ತಗೆ ತಟ್ಟುತ್ತದೆ, ಆದರೆ ದಿನಕ್ಕೆ ಎರಡು ಮೂರು ಸಲ, ಜೀವನ ಪೂರ್ತಿ.

ತೆರೆಯುವುದಷ್ಟೇ ಅಲ್ಲ, ಕೆಲವು ತೂಬನ್ನು ಪುಫಾ ಮುಚ್ಚುತ್ತದೆ. ಲಿವರಿನಲ್ಲಿ ಇದು ಬಹಳ ಜೋರು. ಅಲ್ಲಿ ಸಕ್ಕರೆ ಅಂಶದಿಂದ ಹೊಸ ಕೊಬ್ಬು ತಯಾರಿಸುವ ಜೀನುಗಳನ್ನು ಪುಫಾ ತಗ್ಗಿಸುತ್ತದೆ. ಕೊಬ್ಬಿನ ಕೋಶದಲ್ಲಿ ಆ ಪರಿಣಾಮ ಅಷ್ಟಿಲ್ಲ. ಆದರೆ ಅಲ್ಲಿಯ ಒಂದು ದಾರಿ ಚೆನ್ನಾಗಿದೆ. ಉಗಾಂಡಾದಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸ ಮಾಡಿದ ಜೇಮ್ಸ್ ಎನ್‌ಟಾಂಬಿ ಅವರ ತಂಡ ಅದನ್ನು ತೋರಿಸಿತು. ಜೀನು ಕೆಲಸ ಮಾಡಬೇಕಾದರೆ ಮೊದಲು ಅದರದೊಂದು ನಕಲು ಚೀಟಿ ತಯಾರಾಗುತ್ತದೆ. ಎಸ್‌ಸಿಡಿ 1 ಎಂಬ, ಪರ್ಯಾಪ್ತ ಕೊಬ್ಬಿಗೆ ಒಂದು ಬಾಗು ಹಾಕುವ ಕಿಣ್ವದ ಚೀಟಿಯನ್ನು ಅರಾಕಿಡೋನಿಕ್ ಆಮ್ಲ ಎಂಬ ಪುಫಾ ಬೇಗ ಹರಿದು ಹೋಗುವಂತೆ ಮಾಡುತ್ತದೆ. ತೂಬನ್ನು ಮುಟ್ಟದೆ, ಆದೇಶದ ಕಾಗದವನ್ನೇ ಬೇಗ ಹಳತು ಮಾಡಿದ ಹಾಗೆ.

ಅರಾಕಿಡೋನಿಕ್ ಆಮ್ಲ ಒಮೆಗಾ 6 ಮನೆತನದ್ದು. ಒಮೆಗಾ 6 ಕೆಟ್ಟದ್ದು, ಒಮೆಗಾ 3 ಒಳ್ಳೆಯದು ಅಂತ ಫೋನಿನಲ್ಲಿ ಬರುವ ವಿಡಿಯೋಗಳು ಹೇಳುತ್ತವೆ. ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಇದೇ ಅರಾಕಿಡೋನಿಕ್ ಆಮ್ಲದಿಂದ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ, ಕೋಶಗಳಿಗೆ ಸುದ್ದಿ ಮುಟ್ಟಿಸುವ ವಸ್ತುಗಳಲ್ಲಿ ಒಂದು ಬಗೆ ಹೊಸ ಕೊಬ್ಬಿನ ಕೋಶ ಬೆಳೆಸುತ್ತದೆ, ಇನ್ನೊಂದು ಬಗೆ ತಡೆಯುತ್ತದೆ. ಒಂದೇ ತಾಯಿಯ ಇಬ್ಬರು ಮಕ್ಕಳು, ಒಬ್ಬ ಪೂರ್ವಕ್ಕೆ, ಒಬ್ಬ ಪಶ್ಚಿಮಕ್ಕೆ. ಎರಡೂ ಮನೆತನಗಳನ್ನು ಉದ್ದ ಮಾಡುವ ಕಿಣ್ವಗಳು ದೇಹದಲ್ಲಿ ಒಂದೇ. ಹಾಗಾಗಿ ಒಮೆಗಾ 6 ವಿಪರೀತ ಇದ್ದರೆ ಅಗಸಿಯ ಒಮೆಗಾ 3ಕ್ಕೆ ಸರತಿ ಸಿಗುವುದು ಕಡಿಮೆ. ತಕರಾರು ಇರುವುದು ಈ ಅಳತೆಯಲ್ಲಿ.

ಒಮೆಗಾ 3ಕ್ಕೆ ಇನ್ನೊಂದು ಕಿವಿಯೂ ಇದೆ, ಕೋಶದ ಹೊರ ಗೋಡೆಯ ಮೇಲೆ. ಜಿಪಿಆರ್ 120 ಅಂತ ಹೆಸರು. 2010ರಲ್ಲಿ ಸ್ಯಾನ್ ಡಿಯಾಗೊದ ಜೆರಾಲ್ಡ್ ಒಲೆಫ್‌ಸ್ಕಿ ಅವರ ತಂಡ ಇದನ್ನು ತೋರಿಸಿತು. ತುಂಬಿ ಬಿರಿಯುವ ಕೊಬ್ಬಿನ ಕೋಶಗಳ ಸುತ್ತ ರಕ್ತದ ಕಾವಲು ಕೋಶಗಳು ಬಂದು ಸೇರಿ ಉರಿ ಎಬ್ಬಿಸುತ್ತವೆ. ಗಾಯವಿಲ್ಲದ ಉರಿಯೂತ ಅದು. ಆ ಉರಿ ಇನ್ಸುಲಿನ್ ಮಾತನ್ನು ಕೆಡಿಸುತ್ತದೆ. ಡಿಎಚ್‌ಎ ಬಂದು ಜಿಪಿಆರ್ 120 ಮುಟ್ಟಿದರೆ ಉರಿಯೂತದ ಜೀನುಗಳು ತಣ್ಣಗಾಗುತ್ತವೆ. 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಹೋದರು. ಇನ್ನೂ ಕೊಬ್ಬಿನ ಕೋಶವಾಗದ ಎಳೆಯ ಕೋಶಗಳ ಮೈಮೇಲೆ ಒಂದೊಂದು ಕೂದಲು ಇರುತ್ತದೆ. ಆ ಕೂದಲಿನ ಮೇಲೆ ಇದೇ ಕಿವಿ. ಒಮೆಗಾ 3 ತಟ್ಟಿದಾಗ ಒಳಗೆ ಡಿಎನ್‌ಎ ಸಡಿಲವಾಗಿ, ಪಿಪಾರ್ ಗ್ಯಾಮಾದ ಜೀನೇ ಎದ್ದು ಕೂತು, ಎಳೆಯ ಕೋಶ ಕೊಬ್ಬಿನ ಕೋಶವಾಗುತ್ತದೆ.

ಗಾಜಿನ ತಟ್ಟೆಯ ಮಾತು ಬೇರೆ, ಊಟದ ತಟ್ಟೆಯ ಮಾತು ಬೇರೆ. ಮನುಷ್ಯರಲ್ಲಿ ನೋಡಿದ್ದಾರೆಯೇ? ನೋಡಿದ್ದಾರೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಮಗೆ ಬಹಳ ಹತ್ತಿರದ್ದು, ಯಾಕೆಂದರೆ ಅದು ಪಾಮ್ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆಯ ಪ್ರಯೋಗ. ತೂಕ ಸರಿಯಿದ್ದ 39 ಯುವಕ ಯುವತಿಯರಿಗೆ 7 ವಾರ ರೋಜಿನ ಊಟದ ಮೇಲೆ ಮಫಿನ್ ಕೇಕ್ ತಿನ್ನಿಸಿದರು. ಅರ್ಧ ಜನರ ಕೇಕಿನಲ್ಲಿ ಪಾಮ್ ಎಣ್ಣೆ, ಇನ್ನರ್ಧ ಜನರದರಲ್ಲಿ ಸೂರ್ಯಕಾಂತಿ. ಎರಡೂ ಗುಂಪಿನ ತೂಕ ಒಂದೇ ಸಮ ಏರಿತು, ಸರಾಸರಿ 1.6 ಕಿಲೋ. ತಕ್ಕಡಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಎಂಆರ್‌ಐ ಮಾಡಿದಾಗ ಗೊತ್ತಾಯಿತು. ಪಾಮ್ ಗುಂಪಿನವರ ಲಿವರಿನಲ್ಲಿ ಕೊಬ್ಬು ಬಹಳ ಜಾಸ್ತಿಯಾಗಿತ್ತು, ಹೊಟ್ಟೆಯೊಳಗಿನ ಕೊಬ್ಬಿನ ಏರಿಕೆ ಇನ್ನೊಂದು ಗುಂಪಿನದರ ಎರಡು ಪಟ್ಟು ಇತ್ತು. ಸೂರ್ಯಕಾಂತಿ ಗುಂಪಿನಲ್ಲಿ ಕೊಬ್ಬಲ್ಲದ, ಮಾಂಸಖಂಡದಂಥ ಭಾಗದ ಏರಿಕೆ ಪಾಮ್ ಗುಂಪಿನದರ ಸುಮಾರು ಮೂರು ಪಟ್ಟು. ಚರ್ಮದ ಕೆಳಗಿನ ಕೊಬ್ಬಿನ ಚೂರು ತೆಗೆದು ಜೀನು ನೋಡಿದರೆ, ಕೊಬ್ಬಿನ ಕೋಶ ಬೆಳೆಸುವ, ಶಕ್ತಿ ಖರ್ಚು ಮಾಡುವ, ಇನ್ಸುಲಿನ್ನಿಗೆ ಸಂಬಂಧಿಸಿದ ಜೀನುಗಳು ಎರಡು ಗುಂಪಿನಲ್ಲಿ ಬೇರೆ ಬೇರೆ ರೀತಿ ನಡೆದಿದ್ದವು. ಒಂದೇ ತೂಕ, ಆದರೆ ಜೋಳ ಇಟ್ಟ ಜಾಗ ಬೇರೆ.

ಸೂರ್ಯಕಾಂತಿ ಎಣ್ಣೆ ಎಷ್ಟು ತಿಂದರೂ ಒಳ್ಳೆಯದು ಅಂತ ಇದರ ಅರ್ಥವಲ್ಲ. ಆ ಗುಂಪಿನವರ ತೂಕವೂ ಏರಿತು. ಮೀನೆಣ್ಣೆ ಮಾತ್ರೆ ತಿಂದರೆ ತೆಳ್ಳಗಾಗುತ್ತೇವೆ ಅನ್ನುವುದಕ್ಕೂ ಮನುಷ್ಯರಲ್ಲಿ ಗಟ್ಟಿ ಪುರಾವೆ ಇಲ್ಲ. ಇಲಿಯಲ್ಲಿ ಆದದ್ದೆಲ್ಲ ನಮ್ಮಲ್ಲಿ ಆಗುವುದಿಲ್ಲ.

"ಹಂಗಾದ್ರ ನಮ್ಮ ಮನ್ಯಾಗ ಯಾವ ಎಣ್ಣಿ ಬಳಸಬೇಕ್ರಿ?" ಅಂತ ಆ ಅಮ್ಮ ಕೇಳಿದರು. ಲೆಕ್ಕ ಹೇಳುತ್ತೇನೆ ಅಮ್ಮ. ನೂರು ಗ್ರಾಂ ಎಣ್ಣೆಯಲ್ಲಿ ಒಮೆಗಾ 6 ಹಳೇ ತಳಿಯ ಕುಸುಬೆಯಲ್ಲಿ ಸುಮಾರು 75 ಗ್ರಾಂ, ಸೂರ್ಯಕಾಂತಿಯಲ್ಲಿ 60ರ ಆಸುಪಾಸು, ಹತ್ತಿಕಾಳಿನಲ್ಲಿ 50ರ ಮೇಲೆ, ಶೇಂಗಾದಲ್ಲಿ 30ರ ಹತ್ತಿರ, ಪಾಮ್‌ನಲ್ಲಿ 10. ನಮ್ಮ ಭಾಗದ ಅಡುಗೆಯಲ್ಲಿ ಒಮೆಗಾ 6ಕ್ಕೆ ಬರಗಾಲ ಇಲ್ಲವೇ ಇಲ್ಲ. ಇಲ್ಲದ್ದು ಒಮೆಗಾ 3. ಅಗಸಿ ಎಣ್ಣೆಯಲ್ಲಿ ಅದು ಅರ್ಧಕ್ಕಿಂತ ಜಾಸ್ತಿ. ಒಗ್ಗರಣೆಗೆ ಶೇಂಗಾ ಎಣ್ಣೆ, ತಟ್ಟೆಯ ಮೂಲೆಯಲ್ಲಿ ಅಗಸಿ ಹಿಂಡಿ. ಈ ಜೋಡಿ ನಮ್ಮ ಮನೆಗಳಲ್ಲಿ ಮೊದಲಿಂದ ಇತ್ತು. ಈಗ ಹಿಂಡಿ ಬಿಟ್ಟು, ಎಣ್ಣೆಯಲ್ಲಿ ಕರಿದ ಮಿರ್ಚಿ ಬಜ್ಜಿ ಮಾತ್ರ ಉಳಿಸಿಕೊಂಡಿದ್ದೇವೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಅಗಸಿಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಹುರಿದು ಪುಡಿ ಮಾಡಿ. ಒಂದು ವಾರಕ್ಕಾಗುವಷ್ಟೇ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿಡಿ, ಬಾಗುಗಳಿರುವ ಕೊಬ್ಬಿಗೆ ಗಾಳಿ ಬೇಗ ಹತ್ತುತ್ತದೆ. ಅದೇ ಕಾರಣಕ್ಕೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಅಗಸಿಯ ಒಮೆಗಾ 3 ಪೂರ್ತಿ ಮೀನಿನದರಂತೆ ಆಗುವುದಿಲ್ಲ, ನೂರಕ್ಕೆ ಕೆಲವು ಪಾಲು ಇಪಿಎ ಆಗುತ್ತದೆ, ಡಿಎಚ್‌ಎ ಅದಕ್ಕಿಂತ ಕಡಿಮೆ. ಮೀನು ತಿನ್ನುವವರು ಬೂತಾಯಿ, ಬಂಗುಡೆ ಸಿಕ್ಕಾಗ ಬಿಡಬೇಡಿ.

ಇನ್ನು ಅಳತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2,000 ಕ್ಯಾಲರಿ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ ತುಪ್ಪ ಅಂತ ಹೇಳುತ್ತದೆ. ನಾಲ್ಕು ದೊಡ್ಡವರಿರುವ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಆಯಿತು. ಮನೆಗೆ ಹೋಗಿ ಕಿರಾಣಿ ಚೀಟಿ ನೋಡಿ.

ಹಿಂದೆ ಕೂತ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದಳು. ಎಣ್ಣೆ ಬದಲಿಸಿದರೆ ಜೀನು ಎಷ್ಟು ದಿನಕ್ಕೆ ಬದಲಾಗುತ್ತದೆ ಅಂತ. ತೂಬು ತೆಗೆಯುವುದು ಮುಚ್ಚುವುದು ಗಂಟೆಗಳ, ದಿನಗಳ ಮಾತು ತಂಗಿ. ಆದರೆ ದಾಸ್ತಾನು ಬೇರೆ. ಕೊಬ್ಬಿನ ಕೋಶದೊಳಗೆ ಕೂತ ಲಿನೋಲಿಕ್ ಆಮ್ಲ ಅರ್ಧ ಖಾಲಿಯಾಗಲು ಎರಡು ವರ್ಷದ ಹತ್ತಿರ ಬೇಕು. ಸೂಜಿ ಚುಚ್ಚಿ ಒಂದು ಚೂರು ಕೊಬ್ಬು ತೆಗೆದರೆ, ಕಳೆದ ಎರಡು ಮೂರು ವರ್ಷ ಯಾವ ಬಗೆಯ ಎಣ್ಣೆ ತಿಂದಿದ್ದೀರಿ ಅಂತ ಅಂದಾಜು ಹೇಳಬಹುದು. ಆ ಹಳೇ ದಾಸ್ತಾನಿನಿಂದಲೂ ದಿನಾ ಸ್ವಲ್ಪ ಸ್ವಲ್ಪ ಕೊಬ್ಬಿನಾಮ್ಲ ಬಿಡುಗಡೆಯಾಗಿ ಅದೇ ಜೇಬು ತಟ್ಟುತ್ತಿರುತ್ತದೆ. ಈ ಯುಗಾದಿಗೆ ನಿಮ್ಮ ಮನೆಯ ಎಣ್ಣೆ ಬದಲಾದರೆ, ಒಳಗಿನ ಹಗೇವು ಅರ್ಧ ಬದಲಾಗುವುದು ಮುಂದಿನದು ಬಿಟ್ಟು ಅದರ ಮುಂದಿನ ಯುಗಾದಿಗೆ.